ಜಂಗು ಬಿಡಿಸುವ ಸೊಸೆ, ಬಣ್ಣ ಬಳಿಯುವ ಅತ್ತೆ

ಇನ್ನೊಬ್ಬರಿಗೆ ಸಹಾಯ ಮಾಡಬೇಕೆಂಬ ಆಸೆ ನನ್ನಲ್ಲಿ ಸ್ವಲ್ಪ ಹೆಚ್ಚೇ ಇದೆ. ಕೇಳಿದವರಿಗೆ ಮಾಡುತ್ತೇನೆ, ಕೇಳದವರಿಗೆ ಇನ್ನಷ್ಟು ಮಾಡುತ್ತೇನೆ. ಒಮ್ಮೆ ನಮ್ಮ ಎಮ್ಮೆ ಮೇವು ಬಿಟ್ಟಿತೆಂದು ದನದ ಡಾಕ್ಟರಿಗೆ ಫೋನ್ ಮಾಡಿದ್ದೆವು. ಅವರು ಬರುವುದರೊಳಗೆ ಪಾಪ, ಎಮ್ಮೆಗೆ ಒಂದಿಷ್ಟು ಆರಾಮ ಸಿಗಲಿ ಎಂದು ನಾನು ಅಜವಾನ, ಬೆಲ್ಲ, ಶುಂಠಿ ಕುದಿಸಿ ಕುಡಿಸಿಬಿಟ್ಟೆ. ಡಾಕ್ಟರು ಬಂದಾಗ ಎಮ್ಮೆ ಕಬ್ಬಿನ ಸೋಗೆಯನ್ನು ಗಬಗಬ ತಿನ್ನುತ್ತ ನಿಂತಿತ್ತು. ಅವರು ಎಮ್ಮೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಹಂಗಾರ ನಾ ಯಾರನ್ನ ತಪಾಸ ಮಾಡ್ಲಿರಿ?” ಎಂದು ಕೇಳಿ ಚಹ ಕುಡಿದು ಹೋದರು. ನನಗೆ ಅದು ಹೊಗಳಿಕೆಯಂತೆಯೇ ಕೇಳಿಸಿತ್ತು.

ಕಬ್ಬೂರಿನ ಹೊಲದಲ್ಲಿ ನಾವು ಮನೆ ಕಟ್ಟಿಸಿದ ವರ್ಷ ದ್ರಾಕ್ಷಿ ಚೆನ್ನಾಗಿ ಬಂದಿತ್ತು. ಆ ಹುರುಪಿನಲ್ಲಿ ಯಜಮಾನರು ಕಂಪೌಂಡಿನ ಕಂಬಗಳಿಗೆ, ಪಡಸಾಲೆಯ ಮುಂದೆ, ನೀರಿನ ಟಾಕಿಯ ಹತ್ತಿರ ಎಲ್ಲ ಕಡೆ ಕಬ್ಬಿಣದ ದೀಪಗಳನ್ನು ಹಾಕಿಸಿದರು. ಪ್ರತಿ ದೀಪದ ಸುತ್ತಲೂ ದ್ರಾಕ್ಷಿ ಬಳ್ಳಿ, ಎಲೆ, ಗೊಂಚಲುಗಳ ಕುಸುರಿ. ನೋಡಲು ಬಲು ಚೆಂದ. ಆದರೆ ಮಳೆ, ಇಬ್ಬನಿ, ಹೊಲಕ್ಕೆ ಹೊಡೆಯುವ ಔಷಧಿಯ ಗಾಳಿ ಎಲ್ಲವೂ ಸೇರಿ ಅವುಗಳಿಗೆ ಜಂಗು ಹತ್ತಿಸಿದವು. ನಮ್ಮ ಕಡೆ ತುಕ್ಕಿಗೆ ಜಂಗು ಎನ್ನುತ್ತೇವೆ. ನಾನು ಸುಮ್ಮನಿರುವವಳೇ? ಹುಣಸೆಹಣ್ಣು ತಿಕ್ಕಿದೆ. ಹಿತ್ತಾಳೆ ಬಿಂದಿಗೆಯಂತೆ ಫಳಫಳ ಹೊಳೆಯುವುದು ಬಿಟ್ಟು ಕಬ್ಬಿಣ ಹುಳಿಯನ್ನೆಲ್ಲ ಕುಡಿದು ಇನ್ನಷ್ಟು ಕಪ್ಪಾಯಿತು. ಚಿಮಣಿ ಎಣ್ಣೆ ಹಚ್ಚಿದೆ, ಮನೆಯೆಲ್ಲ ಸೀಮೆಎಣ್ಣೆಯ ನಾತ. ಪಾಲಿಶ್ ಪೇಪರಿನಿಂದ ಉಜ್ಜಿದರೆ ಎಲೆಯ ಸಂದಿಯೊಳಗೆ ಬೆರಳೇ ಹೋಗುತ್ತಿರಲಿಲ್ಲ. ಕೊನೆಗೆ ದೀಪಾವಳಿ ಬಂದಾಗೊಮ್ಮೆ ಜಂಗಿನ ಮೇಲೆಯೇ ಬೆಳ್ಳಿಯಂತೆ ಹೊಳೆಯುವ ಚಾಂದಿ ಬಣ್ಣ ಬಳಿಯುವುದು ಪದ್ಧತಿಯಾಯಿತು. ಯುಗಾದಿಯ ಹೊತ್ತಿಗೆ ಬಣ್ಣದ ಕೆಳಗಿಂದ ಜಂಗು ಮತ್ತೆ ಇಣುಕುತ್ತಿತ್ತು. “ನಮಗಷ್ಟ ಅಲ್ಲ, ಕಬ್ಬಿಣಕ್ಕೂ ವಯಸ್ಸ ಆಗತೈತಿ, ಬಿಡು ಅತ್ಲಾಗ,” ಎಂದು ಯಜಮಾನರು ಕೈಚೆಲ್ಲಿದರು.

ಇಂಥ ಮನೆಗೆ ಸೊಸೆಯಾಗಿ ಬಂದವಳು ಸ್ನೇಹಲ್. ನಿಪ್ಪಾಣಿಯ ಆಚೆಯ ಹಳ್ಳಿಯವಳು, ಮನೆಮಾತು ಮರಾಠಿ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಕೊಲ್ಹಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದಳು. ಮದುವೆಯಾದ ಮೇಲೆ ಕನ್ನಡವನ್ನು ನನ್ನಿಂದಲೇ ಕಲಿತಳಾದ್ದರಿಂದ ಅವಳ ಕನ್ನಡದಲ್ಲಿ ತಪ್ಪಿದ್ದರೆ ಅದು ನನ್ನದೇ. ಒಂದು ದಿನ ಅವಳೂ ನನ್ನ ಮಗನೂ ಟೆಂಪೋದಲ್ಲಿ ಗೋದ್ರೇಜ್ ಕಪಾಟಿನಂಥ ಒಂದು ಪೆಟ್ಟಿಗೆಯನ್ನು ತಂದು ಇಳಿಸಿದರು. ಅದಕ್ಕೊಂದು ಉದ್ದನೆಯ ಕೇಬಲ್, ಕೇಬಲ್ಲಿನ ತುದಿಗೆ ಪಿಸ್ತೂಲಿನಂಥದೊಂದು ಹಿಡಿಕೆ.

“ಏನವ್ವಾ ಇದು?” ಎಂದೆ.

“ಲೇಸರ್ ರೀ ಅತ್ತಿ. ಇದರ ಬೆಳಕ ಬಿಟ್ರ ಜಂಗ ಹೊಗಿಯಾಗಿ ಹೋಗತೈತ್ರಿ. ಕಬ್ಬಿಣಕ್ಕ ಏನೂ ಆಗೂದಿಲ್ಲ.”

ಯಜಮಾನರು ತಕ್ಷಣ ಎಚ್ಚೆತ್ತರು. ಮಿರಜದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಾಗಿನಿಂದ ಲೇಸರಿನ ಬಗ್ಗೆ ತಮಗಿಂತ ಹೆಚ್ಚು ತಿಳಿದವರು ತಾಲೂಕಿನಲ್ಲೇ ಇಲ್ಲವೆಂದು ಅವರ ನಂಬಿಕೆ. “ನನ್ನ ಕಣ್ಣಿಗೂ ಇದನ್ನ ಹೊಡದಾರ. ದೀಪಕ್ಕ ಹೊಡದ ಮ್ಯಾಲ ಒಂದ ವಾರ ನೀರ ತಾಗಸಬ್ಯಾಡ ಮತ್ತ,” ಎಂದು ಸೊಸೆಗೆ ಪಥ್ಯ ಹೇಳಿದರು. ಅವಳು ನಗದೆ “ಆಯ್ತ್ರಿ ಮಾಮಾ” ಎಂದಳು. ಆಗಲೇ ನನಗೆ ಈ ಹುಡುಗಿ ದೊಡ್ಡವಳು ಅನಿಸಿದ್ದು.

ಯಂತ್ರ ಕೊಲ್ಹಾಪುರದಿಂದ ಬಾಡಿಗೆಗೆ ತಂದದ್ದು. ಕೆಲಸ ಸಿಕ್ಕರೆ ಮುಂದೆ ಕೊಳ್ಳುವುದು, ಸಿಗದಿದ್ದರೆ ತಿಂಗಳ ಕೊನೆಗೆ ವಾಪಸು ಕಳಿಸುವುದು ಎಂದು ಮಾತಾಗಿತ್ತು. ಸ್ನೇಹಲ್ ರಾಯಬಾಗ, ಅಥಣಿ, ಕಾಗವಾಡ ಎಲ್ಲ ಸುತ್ತಿದಳು. ಎಲ್ಲರೂ ಕೂರಿಸಿ ಚಹ ಕೊಟ್ಟರು, “ನೋಡೂಣ ತಗೋವಾ” ಎಂದರು. ನಮ್ಮ ಕಡೆ “ನೋಡೂಣ” ಎಂದರೆ ಏನೆಂದು ಅವಳಿಗೆ ನಾನು ಕಲಿಸಿರಲಿಲ್ಲ, ಊರೂರು ತಿರುಗಿ ತಾನೇ ಕಲಿತಳು. ಒಂದು ಮಧ್ಯಾಹ್ನ ಅವಳು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಕೂತು ಆ ಪೆಟ್ಟಿಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಧೂಳು ಹೋದಮೇಲೂ ಒರೆಸುತ್ತಲೇ ಇದ್ದಳು. ಏನಾದರೂ ಸಹಾಯ ಮಾಡಲೇಬೇಕು ಎಂದುಕೊಂಡೆ. ಈಗ ನೆನೆದರೆ, ಅನರ್ಥ ಶುರುವಾದದ್ದೇ ಅಲ್ಲಿಂದ.

ಅಷ್ಟರಲ್ಲಿ ದಾದಾಗೌಡರ ಫೋನು ಬಂತು. ಚಿಕ್ಕೋಡಿಯ ಒಂದು ಮಂಗಲ ಕಾರ್ಯಾಲಯದ, ಅಂದರೆ ಮದುವೆ ಛತ್ರದ, ಹಿರಿಯರು ಅವರು. ಅಲ್ಲಿನ ಹಳೆಯ ಕಬ್ಬಿಣದ ದೀಪಗಳನ್ನೆಲ್ಲ ಮೋಡಕಾದವನಿಗೆ, ಅಂದರೆ ಗುಜರಿಯವನಿಗೆ, ಹಾಕಿ ಹೊಸವನ್ನು ತರುವ ವಿಚಾರ ನಡೆದಿತ್ತಂತೆ. ಯಾರೋ ಸ್ನೇಹಲಳ ಸುದ್ದಿ ಹೇಳಿದ್ದರು. “ನಾಳೆ ಬರ್ತೀನವಾ, ಒಂದು ಜಂಗ ಹಿಡದ ದೀಪ ಸ್ವಚ್ಛ ಮಾಡಿ ತೋರಸು. ಮನಸಿಗೆ ಬಂದ್ರ ಎಲ್ಲಾ ನಿನಗ,” ಎಂದರು. ಸ್ನೇಹಲ್ ಕುಣಿಯುವುದೊಂದು ಬಾಕಿ. ನೀರಿನ ಟಾಕಿಯ ಬಳಿಯ, ಎಲ್ಲಕ್ಕಿಂತ ಕೆಟ್ಟ ದೀಪವನ್ನು ಬಿಚ್ಚಿಸಿ, ಗಾಜು, ವೈರು ತೆಗೆದು ಅಂಗಳದ ಮೇಜಿನ ಮೇಲೆ ಇಟ್ಟಳು. ಮರುದಿನ ಬೆಳಿಗ್ಗೆ ಜನರೇಟರಿಗೆ ಡೀಸೆಲ್ ತರಲು ಗಂಡ ಹೆಂಡತಿ ಚಿಕ್ಕೋಡಿಗೆ ಹೋದರು.

ನಾನು ಅಂಗಳ ಗುಡಿಸಲು ಬಂದೆ. ರಂಗೋಲಿ ಹಾಕಿದೆ. ತಲೆಯೆತ್ತಿದರೆ ಮೇಜಿನ ಮೇಲೆ ಆ ದೀಪ! ಕೆಂಪಗೆ, ಪಕಳೆ ಪಕಳೆ ಎದ್ದು, ಕಜ್ಜಿ ಹಿಡಿದ ನಾಯಿಯಂತೆ ಕೂತಿದೆ. ದೊಡ್ಡ ಮನುಷ್ಯರು ಮನೆಗೆ ಬರುವ ಹೊತ್ತಿನಲ್ಲಿ ಇದನ್ನು ಎದುರಿಗಿಡುವುದೇ? ಈ ಮನೆಯ ಹೆಂಗಸರಿಗೆ ಒಂದು ದೀಪ ಜತನವಾಗಿಡಲು ಬರುವುದಿಲ್ಲ ಎಂದಾರು. ಆ ಕ್ಷಣದಲ್ಲಿ ನನಗೆ ಅತಿಥಿ ಕಂಡರು, ಮರ್ಯಾದೆ ಕಂಡಿತು. ಗೌಡರು ಬರುತ್ತಿರುವುದೇ ಆ ಜಂಗು ನೋಡಲು ಎಂಬುದೊಂದು ಕಾಣಲಿಲ್ಲ. ಡಬ್ಬಿಯಲ್ಲಿ ದೀಪಾವಳಿಯ ಚಾಂದಿ ಬಣ್ಣ ಉಳಿದಿತ್ತು. ಎಲೆಯ ಸಂದಿಗಳಿಗೂ ಬಿಡದೆ ಚೆಂದಾಗಿ ಬಳಿದು, ಪಕ್ಕಕ್ಕೊಂದು ತಂಬಿಗೆಯಲ್ಲಿ ಚೆಂಡುಹೂವು ಇಟ್ಟೆ.

ಸ್ನೇಹಲ್ ಗೇಟಿನೊಳಗೆ ಬಂದವಳು ಅಲ್ಲೇ ನಿಂತಳು. ದೀಪ ನೋಡಿದಳು, ಹೂವು ನೋಡಿದಳು, ನನ್ನ ಬೆರಳು ನೋಡಿದಳು.

“ಅತ್ತಿ, ಜಂಗ ಎಲ್ಲಿ ಹೋತ್ರಿ?”

ಅವಳ ದನಿ ಕೇಳಿದ ಮೇಲೆ ನನ್ನ ತಲೆಗೆ ಬೆಳಕು ಬಿತ್ತು. ಬೇರೆ ದೀಪ ಬಿಚ್ಚೋಣವೆಂದರೆ ಗೌಡರ ಜೀಪು ಆಗಲೇ ಗೇಟಿನಲ್ಲಿತ್ತು. ಅವರು ಇಳಿದು ಬಂದು ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ಏನವಾ, ಆಗಲೇ ಮಾಡಿ ಮುಗಿಸಿದಿ?” ಎಂದು ದೀಪ ಮುಟ್ಟಿದರು. ಬೆರಳು ಚಾಂದಿಯಾಯಿತು. ಒರೆಸಿಕೊಂಡರು, ಧೋತರವೂ ಚಾಂದಿಯಾಯಿತು. ಭೂಮಿ ಬಾಯಿ ಬಿಡಬಾರದೇ ಎಂದು ನಾನು ತುಳಸಿಕಟ್ಟೆಯ ಹಿಂದೆ ಸರಿದೆ.

ಸ್ನೇಹಲ್ ಗೌಡರ ಚಾಂದಿ ಬೆರಳನ್ನೊಮ್ಮೆ, ದೀಪವನ್ನೊಮ್ಮೆ ನೋಡಿದಳು. ನಂತರ ಕೇಳಿದಳು, “ಗೌಡ್ರ, ನಿಮ್ಮ ಕಾರ್ಯಾಲಯದ ದೀಪಕ್ಕ ವರ್ಷಕ್ಕೊಮ್ಮಿ ಏನ ಮಾಡಸ್ತೀರಿ?”

“ಏನ ಮಾಡೂದು? ಜಂಗಿನ ಮ್ಯಾಲ ಇಂಥಾದ ಚಾಂದಿ ಬಣ್ಣ ಹೊಡಸ್ತೀವಿ.”

“ಹಂಗಾರ ಇದ ನಿಮ್ಮ ದೀಪನ ಅಂತ ತಿಳಕೋರಿ. ಮ್ಯಾಲ ಬಣ್ಣ, ಒಳಗ ಜಂಗ. ಎರಡೂ ತಗದ ತೋರಸ್ತೀನಿ. ಆದ್ರ ಹಸಿ ಬಣ್ಣದ ಮ್ಯಾಲ ಹೊಡ್ಯಾಕ ಬರೂದಿಲ್ರಿ, ಒಣಗೂತನಕ ಕೂಡಬೇಕು.”

ಬಣ್ಣ ಒಣಗುವವರೆಗೆ ಗೌಡರನ್ನು ಕೂರಿಸಿಕೊಳ್ಳುವ ಹೊಣೆ ನನ್ನ ತಲೆಗೆ ಬಂತು. ಉಪ್ಪಿಟ್ಟು ಕೊಟ್ಟೆ, ಚಹ ಕೊಟ್ಟೆ, ಚುರುಮುರಿ ಕೊಟ್ಟೆ, ಮತ್ತೆ ಚಹ ಕೊಟ್ಟೆ. ನಡುನಡುವೆ ಹೋಗಿ ದೀಪಕ್ಕೆ ಬೀಸಣಿಕೆಯಿಂದ ಗಾಳಿ ಹಾಕಿ ಬಂದೆ. ಗೌಡರು ಎದ್ದು ನಿಂತಾಗೆಲ್ಲ ಯಜಮಾನರು ತಮ್ಮ ಕಣ್ಣಿನ ಆಪರೇಷನ್ನಿನ ಕಥೆಯನ್ನು ಇನ್ನೊಂದಿಷ್ಟು ಮುಂದುವರಿಸಿದರು. ಆ ಕಥೆ ಕೇಳಿಸಿಕೊಂಡು ನನಗೆ ಸಾಕಾಗಿ ಹೋಗಿತ್ತು. ಅದು ಇಷ್ಟು ಉದ್ದವಿರುವುದಕ್ಕೆ ದೇವರಿಗೆ ಕೈ ಮುಗಿದದ್ದು ಅವತ್ತೊಂದೇ ದಿನ.

ಮಧ್ಯಾಹ್ನದ ಬಿಸಿಲಿಗೆ ಬಣ್ಣ ಒಣಗಿತು. ಸ್ನೇಹಲ್ ಮೇಜಿನ ಸುತ್ತ ಪರದೆ ನಿಲ್ಲಿಸಿ, ಹೊಗೆ ಎಳೆಯುವ ಪೈಪು ಹಚ್ಚಿ, ಮುಖಕ್ಕೆ ಮಾಸ್ಕು ಕಟ್ಟಿಕೊಂಡು, ನಮಗೆಲ್ಲ ಹಸಿರು ಕನ್ನಡಕ ಕೊಟ್ಟು ದೂರ ನಿಲ್ಲಿಸಿದಳು. ಜನರೇಟರು ಗುಡುಗಿತು. ಪಿಸ್ತೂಲಿನ ತುದಿ ದೀಪದ ಕಡೆ ತಿರುಗಿದ್ದೇ ತಡ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ ಸದ್ದು. ನಾನು ಬೆಳಿಗ್ಗೆ ಬಳಿದ ಬಣ್ಣ ಹೋಯಿತು. ಅದರ ಕೆಳಗೆ ಹಿಂದಿನ ದೀಪಾವಳಿಗಳ ಬಣ್ಣ ಒಂದೊಂದಾಗಿ ಹೋಯಿತು. ಆಮೇಲೆ ಕೆಂಪು ಜಂಗು ಹೊಗೆಯಾಗಿ ಪೈಪಿನೊಳಗೆ ಹೊರಟಿತು. ಅವಳು ಯಂತ್ರ ಆರಿಸಿ ಕರೆದಾಗ ಹತ್ತಿರ ಹೋಗಿ ನೋಡಿದೆ. ಬೂದು ಬಣ್ಣದ ಶುದ್ಧ ಕಬ್ಬಿಣ. ಎಲೆಯ ನರ ನರವೂ ಕಾಣುತ್ತಿತ್ತು. ಗೊಂಚಲಿನ ಪಕ್ಕ ಒಂದು ಪುಟ್ಟ ಗುಬ್ಬಿ ದ್ರಾಕ್ಷಿಗೆ ಕೊಕ್ಕು ಹಾಕಿ ಕೂತಿತ್ತು! ನಮ್ಮದೇ ದೀಪದಲ್ಲಿ ಗುಬ್ಬಿ ಇರುವುದು ನನಗೇ ಮರೆತಿತ್ತು. ಆ ಪಾಪದ ಪಕ್ಷಿಯನ್ನು ವರ್ಷ ವರ್ಷ ಬಣ್ಣದಲ್ಲಿ ಮುಳುಗಿಸಿದವಳು ನಾನೇ.

ಗೌಡರು ಹೆಬ್ಬೆರಳಿನಿಂದ ಸವರಿ ನೋಡಿದರು. “ಸವದಿಲ್ಲಲ್ಲ! ಇನ್ನ ಜನ್ಮದಾಗ ಜಂಗ ಹಿಡ್ಯೂದಿಲ್ಲೇನವಾ?”

“ಹಿಡೀತೈತ್ರಿ,” ಎಂದಳು ಸ್ನೇಹಲ್. ನಾನು ಹಿಂದಿನಿಂದ ಅವಳ ಸೆರಗು ಜಗ್ಗಿದೆ. ಅವಳು ಬಿಡಿಸಿಕೊಂಡು ಮುಂದುವರಿಸಿದಳು, “ಇವತ್ತ ಪ್ರೈಮರ್ ಹಚ್ಚಲಿಲ್ಲಂದ್ರ ಇಬ್ಬನಿಗೇ ಮತ್ತ ಹಿಡೀತೈತಿ. ಅದನ್ನೂ ನಾನ ಹಚ್ಚಿ ಕೊಡ್ತೀನ್ರಿ.”

ಗೌಡರು ಜೋರಾಗಿ ನಕ್ಕರು. “ಹಿಡೀತೈತಿ ಅಂದಿ ನೋಡು, ಅದಕ್ಕ ಕೆಲಸ ನಿನಗ. ನಾಳಿಂದ ಚಾಲೂ ಮಾಡು.”

ಕಾರ್ಯಾಲಯದ ದೀಪಗಳು ಮೋಡಕಾಕ್ಕೆ ಹೋಗಲಿಲ್ಲ, ಯಂತ್ರ ಕೊಲ್ಹಾಪುರಕ್ಕೆ ಹೋಗಲಿಲ್ಲ. ಮೊನ್ನೆ ಅಲ್ಲೊಂದು ಮದುವೆಗೆ ಹೋಗಿದ್ದೆವು. ಸಂಜೆ ದೀಪ ಹೊತ್ತಿಕೊಂಡಾಗ ಜನ ಕತ್ತೆತ್ತಿ ನೋಡಿದರು. ನಾನು ಅಕ್ಕಪಕ್ಕದವರಿಗೆಲ್ಲ ಲೇಸರಿನ ವಿಷಯ ವಿವರಿಸಿದೆ. ಯಜಮಾನರೂ ವಿವರಿಸಿದರು. ಇಬ್ಬರ ವಿವರಣೆ ಒಂದಕ್ಕೊಂದು ತಾಳೆಯಾಗಲಿಲ್ಲವೆಂದು ಮಗ ಆಮೇಲೆ ಹೇಳಿದ.

ನಿನ್ನೆ ಸ್ನೇಹಲ್ ರೊಟ್ಟಿ ಬಡಿಯುತ್ತಿದ್ದ ನನ್ನ ಪಕ್ಕ ಬಂದು ಕೂತಳು. “ಅತ್ತಿ, ಅಥಣ್ಯಾಗ ಒಂದ ದೊಡ್ಡ ವಾಡೇದ ಮನಿ ದೀಪದ ಕೆಲಸ ಬಂದೈತ್ರಿ. ನೀವೂ ನನ್ನ ಜೋಡಿ ಬರಬೇಕು.”

ನನ್ನ ಎದೆ ಉಬ್ಬಿತು. “ಯಾಕವ್ವಾ, ಅವರಿಗೆ ಲೇಸರ್ ತಿಳಿಸಿ ಹೇಳಾಕೇನು?”

“ಅಲ್ರಿ. ಅಲ್ಲಿ ಒಬ್ಬಾಕಿ ಅಜ್ಜಿ ಅದಾರಂತ. ನಾವು ಹೋಗೂದರೊಳಗ ‘ಎಲ್ಲಾ ದೀಪಕ್ಕ ಬಣ್ಣ ಹಚ್ಚಿ ಇಡ್ತೀನಿ, ಬಂದವರಿಗೆ ಚೆಂದ ಕಾಣಲಿ’ ಅನ್ನಾಕತ್ತಾರಂತ್ರಿ. ಮನಿಯವರು ಯಾರ ಹೇಳಿದ್ರೂ ಕೇಳವಲ್ರು.”

ಬರುತ್ತೇನೆ ಎಂದಿದ್ದೇನೆ. ಆದರೆ ಹೋಗಿ ಆ ಅಜ್ಜಿಗೆ ಏನು ಹೇಳಲಿ ಎಂಬುದೇ ತಿಳಿಯುತ್ತಿಲ್ಲ. ನಿನ್ನೆಯಿಂದ ಎಷ್ಟು ಯೋಚಿಸಿದರೂ, ಅಜ್ಜಿ ಹೇಳುವುದೇ ಸರಿ ಅನಿಸುತ್ತಿದೆ.