ಕೆನ್ನೆಗೆ ಹಚ್ಚದ ಅರಿಶಿನ

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ‘ಇವತ್ತು ಹಾಲು ಗಟ್ಟಿಯಾಗಿದೆ ಅಮ್ಮ’ ಎಂದರೆ, ಹಾಗಾದರೆ ಇಷ್ಟು ದಿನ ಕೊಟ್ಟದ್ದೇನು ಎಂದು ತಲೆ ಕೆಡಿಸಿಕೊಳ್ಳುವವಳು ನಾನು. ಅಂಥವಳ ಮುಂದೆ ಭದ್ರಾವತಿಯ ನನ್ನ ಅಕ್ಕ ಹೊಸ ಕೆನ್ನೆ ಹೊತ್ತುಕೊಂಡು ಬಂದು ನಿಂತರೆ ಸುಮ್ಮನಿರಲು ಸಾಧ್ಯವೇ?

ಅಕ್ಕ ಸಕ್ಕರೆ ಕಾಯಿಲೆಗೆ ಹೆದರಿ ಅರೆಹೊಟ್ಟೆ ಉಂಡು ತೂಕ ಇಳಿಸಿದ್ದಳು. ಹೊಟ್ಟೆ ಹಟ ಹಿಡಿದು ಹಾಗೇ ಉಳಿಯಿತು, ಗುಳಿಬಿದ್ದದ್ದು ಕೆನ್ನೆ. ‘ಬಸ್ಸಲ್ಲಿ ಎಲ್ರೂ ಅಜ್ಜಿ ಅಂತ ಸೀಟು ಬಿಡ್ತಾರೆ ಕಣೇ’ ಎಂದು ನನ್ನ ಹತ್ತಿರ ಅತ್ತಿದ್ದಳು ಕೂಡ. ಆಮೇಲೆ ವಿಡಿಯೊ ಕಾಲ್ ಬಂದ್. ‘ಕ್ಯಾಮೆರಾ ಕೆಟ್ಟಿದೆ’ ಎನ್ನುತ್ತಿದ್ದಳು. ಅದೇ ಫೋನಿನಿಂದ ಅಂಗಳದ ದಾಸವಾಳದ ಫೋಟೊ ದಿನಾ ಬರುತ್ತಿತ್ತು. ಈಗ ನನ್ನ ಮಗಳ ಅರಿಶಿನ ಶಾಸ್ತ್ರಕ್ಕೆಂದು ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಮನೆಗೆ ಬಂದಿದ್ದಾಳೆ, ಕೆನ್ನೆ ತುಂಬಿಕೊಂಡು. ಎದುರುಮನೆಗೆ ಹೊಸದಾಗಿ ಬಂದ ಗಿರಿಜಮ್ಮ ‘ಇವರು ನಿಮ್ಮ ತಂಗಿನಾ?’ ಎಂದು ನನ್ನನ್ನೇ ಕೇಳಿದರು. ಹುಟ್ಟಿದಾಗಿನಿಂದ ನನಗಿದ್ದ ಒಂದೇ ಪದವಿ ಅದು. ಹೊಟ್ಟೆ ಉರಿಯಿತು.

ನಮ್ಮಲ್ಲಿ ಮದುಮಗಳಿಗೆ ಹಚ್ಚಿ ಉಳಿದ ಅರಿಶಿನವನ್ನು ಹೆಂಗಸರು ಒಬ್ಬರ ಕೆನ್ನೆಗೊಬ್ಬರು ಬಳಿಯುತ್ತಾರೆ. ಅಕ್ಕನ ಕೈಗೆ ಸಿಕ್ಕಿದವರು ಉಳಿದದ್ದಿಲ್ಲ. ಅಂಥವಳು ಈ ಸಲ ಗೋಡೆಗೆ ಒರಗಿ, ‘ಕೈಗೆ ಹಚ್ಚಿ ಸಾಕು’ ಎನ್ನುತ್ತಿದ್ದಳು. ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಕೆನ್ನೆಗೆ ಏನು ಮಾಡಿಸಿಕೊಂಡೆ ಎಂದು ಕೇಳಿದೆ.

‘ನನ್ನ ಹೊಟ್ಟೆ ಕೊಬ್ಬನ್ನೇ ತೆಗೆದು, ಶುದ್ಧ ಮಾಡಿ, ಸಣ್ಣ ಸೂಜಿಲಿ ಚೂರುಚೂರೇ ಕೆನ್ನೆಗೆ ಹಾಕಿದ್ರು. ಜಾಸ್ತಿ ತುಂಬಿದ್ರೆ ನೋಡಿದೋರಿಗೆ ಗೊತ್ತಾಗುತ್ತಂತೆ. ಇನ್ನೂ ಸ್ವಲ್ಪ ದಿನ ಯಾರೂ ಒತ್ತಬಾರದು ಮಾರಾಯ್ತಿ’ ಎಂದಳು.

‘ನಂಗೂ ಹೇಳ್ಲಿಲ್ವಲ್ಲ’ ಎಂದೆ.

‘ಹೇಳಿದ್ರೆ ನೀನೇ ಮೊದ್ಲು ಒತ್ತಿ ನೋಡ್ತಿದ್ದೆ.’

ಮಾತು ನಿಜವಾದ್ದರಿಂದ ಇನ್ನಷ್ಟು ನೋವಾಯಿತು. ಆದರೆ ಅಕ್ಕ ನಿಜವಾಗಿ ಹೆದರಿದ್ದಳು. ವಿಷಯ ಹೊರಗೆ ಬಿದ್ದರೆ ಛತ್ರದಲ್ಲಿ ಮದುಮಗಳನ್ನು ಬಿಟ್ಟು ಎಲ್ಲರೂ ಇವಳನ್ನೇ ನೋಡುತ್ತಾರೆ. ಅಷ್ಟರಲ್ಲಿ ಗಿರಿಜಮ್ಮ ಎರಡೂ ಕೈಗೆ ಅರಿಶಿನ ಬಳಿದುಕೊಂಡು ಒಳಗೆ ಬಂದು ಅಕ್ಕನ ಕಡೆಗೇ ನಡೆದರು. ನಾನು ಅಡ್ಡ ನಿಂತು ನನ್ನ ಮುಖ ಒಡ್ಡಿದೆ. ತಿಕ್ಕಿದರು, ಒತ್ತಿದರು, ಹಿಂಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು:

‘ಈಗೆಲ್ಲಾ ಕೆನ್ನೆಗೆ ಏನೇನೋ ತುಂಬಿಸ್ತಾರಂತಲ್ಲ, ನೀವೆಲ್ಲಿ ಮಾಡಿಸಿದ್ರಿ? ಸುಮ್ನೆ ಮುಖ ಕೆಡಿಸ್ಕೊಂಡ್ರಿ. ನಿಮ್ಮ ತಂಗೀನ ನೋಡಿ, ದೇವರು ಕೊಟ್ಟಿದ್ದು ಹಾಗೇ ಇದೆ.’

ನನ್ನ ಕೆನ್ನೆಯಲ್ಲಿರುವುದು ದಿನಾ ತಿಂದ ಬೆಣ್ಣೆ ದೋಸೆ ಎಂದೆ. ಗಿರಿಜಮ್ಮ ನಂಬಲಿಲ್ಲ. ಅವರದೂ ಅನುಮಾನದ ಸ್ವಭಾವವಂತೆ.