ತೂತಿನ ಡಬ್ಬಿ

ಮುಚ್ಚಳಕ್ಕೆ ತೂತು ಹೊಡೆಯಬೇಕೋ, ಬೇಡವೋ? ಹೊಡೆದರೆ ಕಂಡವರೆಲ್ಲ ಡಬ್ಬಿಗೆ ಯಾಕೆ ತೂತು ಎಂದು ಕೇಳುತ್ತಾರೆ. ಹೊಡೆಯದಿದ್ದರೆ ಬೀದರ ಮುಟ್ಟುವುದರೊಳಗೆ ಒಳಗಿನ ಹುಳ ಉಸಿರುಗಟ್ಟಿ ಸಾಯುತ್ತವೆ. ಸತ್ತ ಹುಳದಲ್ಲಿ ಸತ್ವವಿಲ್ಲ, ಜೀವಂತ ತಾ ಎಂದು ಅಲ್ಲಿನ ಹಕೀಮ ಅಬ್ದುಲ ಸಮದ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದ. ಡಾಬಕಾದ ಧೊಂಡಿಬಾ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಮೊಳೆ, ಇನ್ನೊಂದರಲ್ಲಿ ಕಲ್ಲು ಹಿಡಿದು, ಯಾರದೋ ತಲೆಗೆ ಹೊಡೆಯಬೇಕಾದವನಂತೆ ಬೆವರುತ್ತಿದ್ದ.

ಮಿರಗದ, ಎಂದರೆ ಮೃಗಶಿರದ, ಮೊದಲ ಮಳೆ ಬಿದ್ದು ನೆಲದ ತುಂಬ ಮಿರಗದ ಹುಳ ಎದ್ದಿದ್ದವು. ಕೆಂಪು ಮಖಮಲ್ಲಿನ ಗುಂಡಿಗಳಿಗೆ ಕಾಲು ಬಂದು ನಡೆದಾಡಿದಂತೆ. ಜೇಡರ ಬಲೆ ಮೋರೆಗೆ ಮೆತ್ತಿದರೂ, ಬಸವನಹುಳು ಅಂಗಾಲಡಿ ಚಟ್ಟೆಂದರೂ ಬಿಡದೆ, ಧೊಂಡಿಬಾ ಹೀರೆ ಚಪ್ಪರದ ಕೆಳಗೆ ನಸುಕಿನಿಂದ ತೆವಳಿ ತಂಬಾಕಿನ ಡಬ್ಬಿ ತುಂಬ ಆರಿಸಿದ್ದ. ಹೆಂಡತಿ ಸಖುಬಾಯಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. ಏನೆಂದು ಕೇಳಲಿಲ್ಲ. ಆ ಮನೆಯಲ್ಲಿ ಮಾತು ಕಡಿಮೆಯಾಗಿ ಎಷ್ಟೋ ವರ್ಷವಾಗಿತ್ತು. ಲಗ್ನವಾದ ಹೊಸದರಲ್ಲಿ ತೊಟ್ಟಿಲಿಗೆಂದು ಜಂತಿಗೆ ಹಾಕಿಸಿದ್ದ ಕೊಂಡಿಯಲ್ಲಿ ಈಗ ಉಳ್ಳಾಗಡ್ಡಿಯ ಗೊಂಚಲು ಜೋತಾಡುತ್ತಿತ್ತು.

ಹುಳ ಬೇಕಾದದ್ದು ಊರ ಪಟೇಲ ಹಾವಗೆಪ್ಪನಿಗೆ. ಅರವತ್ತರ ಹತ್ತಿರ ಬಂದ ಹಾವಗೆಪ್ಪ ಹೋದ ವರ್ಷ ಭಾಲ್ಕಿಯ ಸುಂದರಬಾಯಿ ಎಂಬ ಗಟ್ಟಿಗಿತ್ತಿಯನ್ನು ಎರಡನೆಯ ಲಗ್ನವಾಗಿದ್ದ. ಮಿರಗದ ಹುಳದಿಂದ ಹಕೀಮರು ಗಂಡಸರಿಗೆಂದು ತೆಗೆಯುವ ಎಣ್ಣೆಯ ಸುದ್ದಿ ಅವನ ಕಿವಿಗೆ ಬಿದ್ದಿತ್ತು. "ನನ್ನ ಹೆಸರಷ್ಟ ಅಲ್ಲ, ಹುಳ ಅನ್ನೋ ಮಾತೂ ನಿನ್ನ ಬಾಯಾಗ ಬರಬಾರದು" ಎಂದು ಮೈಲಾರ ಮಲ್ಲಣ್ಣನ ಭಂಡಾರದ ಅರಿಶಿನ ಮುಟ್ಟಿಸಿ ಧೊಂಡಿಬಾನಿಂದ ಆಣೆ ಹಾಕಿಸಿಕೊಂಡಿದ್ದ. ಕುರಿ ಕಾಯುವ ಮನೆತನದವನು ಭಂಡಾರ ಮುಟ್ಟಿ ಆಡಿದ ಮಾತು ತಪ್ಪಿದರೆ ಮಂದೆ ಉಳಿಯುವುದಿಲ್ಲ.

ಕೊನೆಗೆ ಧೊಂಡಿಬಾ ತೂತು ಹೊಡೆದ. ಟಣ್ ಎಂದ ಕೂಡಲೇ ಗೋಡೆಯ ಮೇಲೆ ನೆರೆಮನೆಯ ಮಡೆಪ್ಪನ ತಲೆ ಎದ್ದಿತು.

"ಏನಪಾ ಧೊಂಡಿಬಾ, ನಸುಕಿನಾಗ ಏನ ಬಡೀಲತ್ತೀದಿ?"

"ಏನಿಲ್ಲೋ. ಬೀಜ ಅದಾವ."

"ಬೀಜಕ್ಕ ಗಾಳಿ ಯಾಕೋ ಮಾರಾಯಾ? ಉಸಿರಾಡ್ತಾವೇನು?"

ಧೊಂಡಿಬಾ ಡಬ್ಬಿಯನ್ನು ರುಮಾಲಿನಲ್ಲಿ ಸುತ್ತಿ, ಬೀದರಿನ ಮೋಟಾರು ಹಿಡಿಯಲು ಠಾಣಾ ಕುಶನೂರಿನ ದಾರಿ ಹಿಡಿದ. ಉತ್ತರ ಸಿಗದ ಮಡೆಪ್ಪ ತನಗೂ ಕುಶನೂರಿನಲ್ಲಿ ಕೆಲಸವಿದೆ ಎಂದು ಹಿಂದೆಯೇ ಹೊರಟ. ಅವನಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ.

ಅದು ನಾಡೇ ಉಸಿರು ಬಿಗಿಹಿಡಿದಿದ್ದ ಕಾಲ. ನಿಜಾಮರ ರಾಜ್ಯ ಉಳಿಯುತ್ತದೋ ಅಳಿಯುತ್ತದೋ ಯಾರಿಗೂ ತಿಳಿಯದು. ದಾರಿಗೊಂದು ನಾಕಾ. ಹುಲ್ಲು ಕೊಯ್ಯಲು ಕುಡುಗೋಲು ಹಿಡಿದು ಹೊರಟವನನ್ನೂ ನಿಲ್ಲಿಸಿ ಕೇಳುತ್ತಿದ್ದರು. ಹಿಂದಿನ ವಾರ ಪಕ್ಕದ ಊರಿನವನೊಬ್ಬ, ಒಂದು ಮಾತಿಗೆಂದು ಠಾಣೆಗೆ ಹೋದವನು, ಇನ್ನೂ ಮನೆಗೆ ಮರಳಿರಲಿಲ್ಲ.

ಕುಶನೂರಿನ ಹೊರಗಿನ ನಾಕಾದಲ್ಲಿ ಮೋಟಾರು ನಿಂತಿತ್ತು. ಪೊಲೀಸ್ ಜವಾನ ಮಕ್ಸೂದ ಒಬ್ಬೊಬ್ಬರ ಗಂಟು ಬಿಚ್ಚಿಸುತ್ತಿದ್ದ.

"ಇದರಾಗ ಏನದ?"

"ತಂಬಾಕರಿ" ಎಂದ ಧೊಂಡಿಬಾ.

"ಬೀಜರಿ ಸಾಹೇಬ್ರ" ಎಂದ ಮಡೆಪ್ಪ, ಉಪಕಾರ ಮಾಡುವ ದನಿಯಲ್ಲಿ. ಎರಡು ಉತ್ತರ ಹೊಂದದ್ದನ್ನು ಕಂಡು ತಿದ್ದುಪಡಿ ಬೇರೆ ಮಾಡಿದ: "ಉಸಿರಾಡೋ ಬೀಜರಿ. ತೂತು ನೋಡ್ರಿ, ಮುಂಜಾನೆ ಇವನೇ ಹೊಡದಾನ."

ಮಕ್ಸೂದ ಡಬ್ಬಿಯನ್ನು ಕಿವಿಗೆ ಹಿಡಿದ. ಅವನ ಮೋರೆಯ ಬಣ್ಣ ಇಳಿಯಿತು. "ಒಳಗ ಏನೋ ನಡೀಲತ್ತದ!"

"ಗಡಿಯಾರ ಇಟ್ಟು ಬಾಂಬ್ ಮಾಡ್ತಾರಂತ್ರಿ" ಎಂದು ಮೋಟಾರಿನೊಳಗಿಂದ ಯಾರೋ ಅಂದರು. ಯಾರು ಅಂದರೆಂದು ನೋಡಲು ಒಳಗೆ ಯಾರೂ ಉಳಿಯಲಿಲ್ಲ. ಡ್ರೈವರ ಎಲ್ಲರಿಗಿಂತ ಮುಂದೆ ಓಡಿದ್ದ. ಮಕ್ಸೂದ ಹಾಲು ತುಂಬಿದ ಬಟ್ಟಲನ್ನು ಇಡುವಂತೆ ಡಬ್ಬಿಯನ್ನು ರಸ್ತೆಯ ನಡುವೆ ಇಟ್ಟು, ಹಿಂದೆ ಹಿಂದೆ ಸರಿದು, ಬಂದೂಕನ್ನು ಧೊಂಡಿಬಾನ ಎದೆಗೆ ಹಿಡಿದ. ಹೆದರಿದವನ ಕೈಯ ಬಂದೂಕು ಧೈರ್ಯವಂತನದಕ್ಕಿಂತ ಕೆಟ್ಟದ್ದು ಎಂದು ಧೊಂಡಿಬಾನಿಗೆ ಅನಿಸಿತು.

"ಹೇಳಿಬಿಡೋ ಧೊಂಡಿಬಾ, ಬಾಂಬೇನೋ?" ಬೇಲಿಯ ಆಚೆಯಿಂದ ಮಡೆಪ್ಪ ಕೂಗಿದ. "ಹಿತ್ತಲದಾಗ ಮಾಡೀದಿ, ನಮ್ಮ ಗ್ವಾಡಿ ಬಾಜೂಕೇ!"

ಹೇಳಲು ಒಂದೇ ಮಾತಿತ್ತು. ಅದರ ಮೇಲೆ ಭಂಡಾರ ಬಿದ್ದಿತ್ತು.

ಠಾಣೆಯ ಮುಖ್ಯಸ್ಥ ಅಮೀನ ಸಾಹೇಬ ಬಂದ. ಡಾಬಕಾದ ಮನುಷ್ಯ ಎಂದು ತಿಳಿದು ಪಟೇಲನನ್ನು ಕರೆತರಲು ಸವಾರನನ್ನು ಅಟ್ಟಿದ. ಹಾವಗೆಪ್ಪ ಕುದುರೆ ಏರಿ ಬರುವವರೆಗೂ ಡಬ್ಬಿ ಬಿಸಿಲಿನಲ್ಲಿ ಕೂತಿತ್ತು, ಅದರ ಸುತ್ತ ದೂರದಲ್ಲಿ ಜನ, ಜನರ ನಡುವೆ ಧೊಂಡಿಬಾ. ಪಟೇಲನನ್ನು ಕಂಡದ್ದೇ ಅವನ ಜೀವ ಮರಳಿ ಬಂತು. ಆಣೆ ಹಾಕಿಸಿದವನೇ ಬಂದನಲ್ಲ; ಅಮೀನನ ಕಿವಿಯಲ್ಲಿ ಅವನೊಂದು ಮಾತು ಹೇಳಿದರೆ ಮುಗಿಯಿತು.

"ತೆಗಿ" ಎಂದ ಅಮೀನ.

ಧೊಂಡಿಬಾ ಒಬ್ಬನೇ ನಡೆದು ಹೋಗಿ ಮಂಡಿಯೂರಿ ಮುಚ್ಚಳ ತೆಗೆದ. ಕೆಂಪಗೆ ಏನೋ ಅವನ ಕೈಮೇಲೆ ಹರಿಯಿತು.

"ಅಯ್ಯಯ್ಯೋ ರಗತ!" ಎಂದು ಮಡೆಪ್ಪ ಬೇಲಿಯಲ್ಲೇ ಕುಸಿದ.

ರಕ್ತ ನಾಲ್ಕೂ ಕಡೆ ನಡೆಯತೊಡಗಿದಾಗ ಅಮೀನ ಹತ್ತಿರ ಬಂದು ಬಗ್ಗಿದ. "ಏನಿವು, ಪಟೇಲ?"

ಹಾವಗೆಪ್ಪ ಹುಳದ ಕಡೆ ನೋಡಿದ. ಜನರ ಕಡೆ ನೋಡಿದ. "ನಾ ಹುಟ್ಟಿದಾಗಿಂದ ಇಂಥಾ ಹುಳ ಕಂಡಿಲ್ಲರಿ ಹುಜೂರ್" ಅಂದ. ಅವನ ಕುದುರೆಯ ಗೊರಸಿನ ಪಕ್ಕದಲ್ಲೇ ಮೂರು ಹುಳ ಮಿರಗದ ಮಣ್ಣಿನ ಮೇಲೆ ಆರಾಮಾಗಿ ಹೊರಟಿದ್ದವು.

ಅಮೀನ ಒಂದನ್ನು ಬೆರಳ ಮೇಲೆ ಹತ್ತಿಸಿಕೊಂಡ. ಅವನ ಮೀಸೆಯ ಕೆಳಗೆ ಏನೋ ಅಲುಗಿತು. "ಅರೇ, ಬೀರಬಹೂಟಿ! ತೇಲ ತೆಗೆಸೋದಕ್ಕಾ?" ದನಿ ಮತ್ತೆ ಗಡಸಾಯಿತು. "ಹುಳ ಅಂದಿದ್ರ ಮುಗೀತಿತ್ತು. ಇಷ್ಟೊತ್ತನಕ ಮುಚ್ಚಿಟ್ಟೀ ಅಂದ್ರ ಹಿಂದ ಯಾರೋ ಅದಾರ. ಯಾರಿಗೋ ಇವು? ಸಚ್ ಬೋಲ್. ಹೆಸರು ಹೇಳು, ಇಲ್ಲಾ ಇವತ್ತು ರಾತ್ರಿ ನನ್ನ ಠಾಣೇದಾಗ ಇರು."

ಧೊಂಡಿಬಾ ಪಟೇಲನನ್ನು ನೋಡಿದ. ಪಟೇಲ ಕುದುರೆಯ ಕಿವಿಯನ್ನು, ಅದನ್ನು ಇವತ್ತೇ ಕೊಂಡು ತಂದವನಂತೆ, ಪರೀಕ್ಷಿಸುತ್ತಿದ್ದ. ಮಕ್ಸೂದ ಬಂದೂಕನ್ನು ಇನ್ನೊಂದು ಹೆಗಲಿಗೆ ಬದಲಿಸಿದ ಸದ್ದು ಕೇಳಿಸಿತು. ಮರಳಿ ಬಾರದ ಆ ಪಕ್ಕದೂರಿನವನ ಮುಖ ಧೊಂಡಿಬಾನ ಕಣ್ಣ ಮುಂದೆ ಬಂತು.

"ನಿನಗೇನೋ?" ಎಂದ ಅಮೀನ.

ಧೊಂಡಿಬಾ ತಲೆ ತಗ್ಗಿಸಿದ. ಅಷ್ಟೇ.

ಮೊದಲು ಮಕ್ಸೂದ ನಕ್ಕ. ಆಮೇಲೆ ಡ್ರೈವರ. ಆಮೇಲೆ ಇಡೀ ಮೋಟಾರು. "ಅದಕ್ಕ ಅಂತೀನಿ, ಉಸಿರಾಡೋ ಬೀಜ!" ಎಂದು ಮಡೆಪ್ಪ ತೊಡೆ ಬಡಿದುಕೊಂಡ. ಎಲ್ಲರಿಗಿಂತ ಜೋರಾಗಿ, ಕಣ್ಣೀರು ಬರುವಂತೆ ನಕ್ಕವನು ಹಾವಗೆಪ್ಪ ಪಟೇಲ.

"ಛೋಡ್ ದೋ" ಎಂದ ಅಮೀನ. "ಮಾಲು ಜಪ್ತಿ. ಒಂದೂ ಬಿಡದಂಗ ಆರಿಸಿ ನನ್ನ ಮನಿಗೆ ಕಳಿಸು. ಔರ್ ಸುನ್ ಮಕ್ಸೂದ, ಆ ತೂತು ಮುಚ್ಚಬ್ಯಾಡ. ಸತ್ತಾವು."

ಧೊಂಡಿಬಾ ಬರಿಗೈಯಲ್ಲಿ ಊರಿಗೆ ಬರುವ ಮೊದಲೇ ಮಡೆಪ್ಪ ಬಂದು ಮುಟ್ಟಿದ್ದ. ಬಾವಿಯ ಕಟ್ಟೆಯ ಮೇಲಿಂದ ಸತ್ಯಮ್ಮ ಕೊಡ ಇಳಿಸಿ ಕೇಳಿದಳು: "ಯಾಕೋ ಅಣ್ಣಾ, ಈ ಸಲ ಮಿರಗ ಮಳಿ ನಿನಗ ಭಾಳ ಹದಾ ಬಂದದಂತಲ್ಲೋ?" ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಠಾಣೆಗೆ ಹೋಗಿದ್ದರೇ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು.

ಹುಣಸೆಮರದ ಹತ್ತಿರ ಪಟೇಲ ಕುದುರೆ ನಿಲ್ಲಿಸಿಕೊಂಡು ಕಾಯುತ್ತಿದ್ದ. ಈಗ ಅವನ ಮುಖದಲ್ಲಿ ನಗೆ ಇರಲಿಲ್ಲ.

"ಧೊಂಡಿಬಾ, ನೀ ನನ್ನ ಮಾನ ಉಳಿಸೀದಿ. ಊರವ್ರು ಏನರ ಅನ್ಲಿ. ಸಖುಬಾಯಿಗ ಮಾತ್ರ ಖರೇ ಹೇಳು. ಆಕಿ ಒಬ್ಬಾಕಿ ಮಟ್ಟಿಗೆ ಆಣಿ ಬಿಟ್ಟೇನಿ, ಹೋಗು." ಕುದುರೆ ತಿರುಗಿಸಿದವನು ಮತ್ತೆ ನಿಲ್ಲಿಸಿದ. "ಮಿರಗ ಇನ್ನೂ ಮುಗದಿಲ್ಲಲ್ಲ? ನಾಳೆ ಮತ್ತ ಒಂದು ಡಬ್ಬಿ ಆಗ್ಲಿ. ಈ ಸಲ ಭಾಲ್ಕಿ ಮ್ಯಾಲಿಂದ ಹೋಗು."

ಹೆಂಡತಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸುತ್ತ ಧೊಂಡಿಬಾ ಮನೆಗೆ ಬಂದ. ಪಟೇಲನ ಹೆಸರಿನಿಂದ ಸುರು ಮಾಡಬೇಕು. ಆಮೇಲೆ ಭಂಡಾರ. ಆಮೇಲೆ ಉಳಿದದ್ದು. ಅವಳು ನಕ್ಕರೆ ನಗಲಿ, ಬೈದರೆ ಬೈಯಲಿ.

ಸಖುಬಾಯಿ ನಗಲೂ ಇಲ್ಲ, ಬೈಯಲೂ ಇಲ್ಲ. ಕಾಲಿಗೆ ನೀರು ಕೊಟ್ಟಳು. ಗಂಗಾಳದಲ್ಲಿ ಬಿಸಿ ರೊಟ್ಟಿ, ಅದರ ಮೇಲೆ ಹಬ್ಬಕ್ಕೆಂದು ಮುಚ್ಚಿಟ್ಟಿದ್ದ ತುಪ್ಪ. ಎದುರಿಗೆ ಕೂತು ನೆಲ ನೋಡುತ್ತ ಅಂದಳು: "ನಸುಕಿನಾಗ ನೀವು ಕೆಸರಿನಾಗ ತೆವಳೋದು ನೋಡ್ದೆ. ಯಾತಕ್ಕಂತ ತಿಳೀಲಿಲ್ಲ ನೋಡ್ರಿ. ನೀವು ಅದರ ಆಸೆನೇ ಬಿಟ್ಟೀರಿ ಅಂದ್ಕೊಂಡಿದ್ದೆ ನಾ... ನನಗೊಂದು ಮಾತು ಹೇಳಬಾರದಾಗಿತ್ತಾ?"

ಧೊಂಡಿಬಾ ಬಾಯಿ ತೆರೆದ.

ಅವಳು ಸೆರಗಿನ ಮರೆಯಿಂದ ಒಂದು ಮಣ್ಣಿನ ಕುಡಿಕೆ ತೆಗೆದು ಅವನ ಮುಂದಿಟ್ಟಳು. ಬಾಯಿಗೆ ಮುತ್ತಗದ ಎಲೆ ಬಿಗಿದಿತ್ತು. ಎಲೆಯಲ್ಲಿ ಸೂಜಿಯಿಂದ ಚುಚ್ಚಿದ ಸಣ್ಣ ಸಣ್ಣ ತೂತುಗಳಿದ್ದವು. ಒಳಗೆ ಏನೋ ನಡೆಯುತ್ತಿತ್ತು.

"ಕಸ್ಗೊಂಡ್ರಂತ ಮಡೆಪ್ಪಣ್ಣ ಅಂದ. ಅದಕ್ಕ ನಾನೇ ಆರಿಸೇನಿ. ನಾಳೆ ಇಬ್ಬರೂ ಹೋಗೂಣು ಬೀದರಿಗೆ."

ಅವನು ಮೇಲೆ ನೋಡಿದ. ಜಂತಿಯ ಕೊಂಡಿ ಬರಿದಾಗಿತ್ತು. ಉಳ್ಳಾಗಡ್ಡಿಯ ಗೊಂಚಲು ಮೂಲೆಯಲ್ಲಿ ನೆಲದ ಮೇಲೆ ಕೂತಿತ್ತು.

ಆ ಭಾದ್ರಪದದಲ್ಲಿ ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ರಾಜ್ಯ ಮುಗಿಯಿತು. ಅಮೀನ ಹೋದ, ನಾಕಾ ಹೋಯಿತು, ಹಾವಗೆಪ್ಪನ ಪಟೇಲಿಕೆಯ ಜೋರೂ ಇಳಿಯಿತು. ಹೆದರಬೇಕಾದವರು ಯಾರೂ ಉಳಿಯಲಿಲ್ಲ. ಆದರೂ ಆ ಹುಳ ತನಗೆಂದು ಆರಿಸಿದ್ದಲ್ಲ ಎಂಬ ಮಾತನ್ನು ಧೊಂಡಿಬಾ ಸಖುಬಾಯಿಗೆ ಎಂದೂ ಹೇಳಲಿಲ್ಲ.