ಉಡಿಯಲ್ಲಿ ಶರಬತ್ತಿನ ಕಾಯಿ

ಸ್ನೇಹಾ, ಶಿವು, ಮೊನ್ನೆ ನೀವು ಅಂಗಡಿಯಿಂದ ಪ್ಯಾಶನ್ ಫ್ರೂಟ್ ತಂದು, "ಇದನ್ನ ನೀ ನೋಡೇ ಇಲ್ಲ ಬಿಡು" ಎಂದಿರಿ. ನಾನು ಸುಮ್ಮನೆ ನಕ್ಕೆ. ನೋಡಿದ್ದೇನೆ ಮಕ್ಕಳೇ! ಆ ಹಣ್ಣಿನ ದೆಸೆಯಿಂದ ಒಂದು ಕಾಲಕ್ಕೆ ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ನನ್ನ ಹೆಸರು ಹಬ್ಬಿತ್ತು. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ತವರು ಮುಕ್ಕುಂದದ ಶಾಲೆಯಲ್ಲಿ ಕಲಿತಷ್ಟೇ ನನ್ನ ಅಕ್ಷರ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನಿಮ್ಮ ತಾತ ಇದ್ದ ಕಾಲ. ಸಿಂಧನೂರಿನಲ್ಲಿ ನಮ್ಮ ಓಣಿಯಲ್ಲೇ ಕಾಲುವೆ ಇಲಾಖೆಯ ಓವರ್ಸಿಯರ್ ಒಬ್ಬರಿದ್ದರು, ಕೊಡಗಿನ ಕಡೆಯವರು. ವರ್ಗವಾಗಿ ಹೋಗುವಾಗ ಅವರ ಹೆಂಡತಿ ನಮ್ಮನೆಗೆ ಬಂದು ಒಂದು ಸಸಿ ಕೊಟ್ಟು, "ಇದು ಶರಬತ್ತಿನ ಹಣ್ಣು" ಎಂದು ಶುರುಮಾಡಿ ಬಹಳ ಹೊತ್ತು ಏನೇನೋ ಹೇಳಿದರು. ಆಕೆಯ ಮಾತಿನ ವೇಗಕ್ಕೆ ನನ್ನ ಕಿವಿ ಹೊಂದಲಿಲ್ಲ. ಇನ್ನೊಮ್ಮೆ ಹೇಳಿ ಎನ್ನಲು ಸಂಕೋಚ. ತಲೆಯಾಡಿಸಿದೆ. ಅದನ್ನು ನೋಡಿ ಆಕೆ ಇನ್ನಷ್ಟು ಹುರುಪಿನಿಂದ ಹೇಳಿದರು. ನಾನು ಇನ್ನಷ್ಟು ಆಡಿಸಿದೆ!

ಬಳ್ಳಿ ಬಚ್ಚಲ ನೀರು ಕುಡಿದು ಬಚ್ಚಲಮನೆಯ ತಗಡನ್ನೇ ಮುಚ್ಚಿತು. ಹೂ ಬಿಟ್ಟಿತು, ಕಾಯಿ ಹಿಡಿಯಿತು. ಮಿರಿಮಿರಿ ಮಿಂಚುವ ಹಸಿರು ಕಾಯಿಗಳನ್ನು ನಾನು ಅಳಿಲು, ಕಾಗೆಗಳಿಂದ ಮಕ್ಕಳಂತೆ ಕಾಯ್ದೆ. ಹಳದಿಯಾಗಿ, ಸುಕ್ಕುಗಟ್ಟಿ ತಾವಾಗಿ ಉದುರಿದವನ್ನು ಕೊಳೆತವೆಂದು ದಿನಾ ಗುಡಿಸಿ ಬುಟ್ಟಿ ತುಂಬಿ, ಪಕ್ಕದ ಮನೆಯ ಖಾಜಾಬಿಗೆ, "ನಿನ್ನ ಆಡಿಗೆ ಹಾಕವಾ" ಎಂದು ಕೊಡುತ್ತಿದ್ದೆ.

ಆಗ ತಾತನ ತಂಗಿಯ ಮಗಳು ಶಾಂತಾ ಬಸುರಿ. ಅವಳನ್ನು ಮಸ್ಕಿಗೆ ಕೊಟ್ಟಿದ್ದರು. ಸೋದರಮಾವನ ಮನೆಯ ಉಡಿ ತುಂಬಬೇಕಲ್ಲ! ಅವಳನ್ನೂ ಅವಳ ಅತ್ತೆ ಗಂಗಮ್ಮನನ್ನೂ ಊಟಕ್ಕೆ ಕರೆದೆವು. ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಎಲ್ಲ ಹೊಂದಿಸಿದೆ. ಐದು ತರದ ಹಣ್ಣಿಗೆಂದು ಪೇಟೆಗೆ ಹೋದ ನಿಮ್ಮ ತಾತ ನಾಲ್ಕು ತರ ತಂದರು.

"ಐದನೇದು ಎಲ್ಲೈತ್ರೀ?"

"ಸಿಗಲಿಲ್ಲ ಬಿಡಲೇ. ಬಾಳಿಹಣ್ಣನ್ನ ಎರಡು ಸಲ ಎಣಿಸು."

ಗಂಗಮ್ಮ ಅಂಥ ಲೆಕ್ಕ ಒಪ್ಪುವ ಹೆಂಗಸಲ್ಲ. ನನಗೆ ಥಟ್ಟನೆ ಬಳ್ಳಿ ನೆನಪಾಯಿತು. ಚೆಂದನೆಯ ಹಸಿರು ಕಾಯಿ ಐದು ಕಿತ್ತು, ತೊಳೆದು, ಒರೆಸಿ ಶಾಂತಾಳ ಉಡಿಗೆ ಹಾಕಿದೆ. ಗಂಗಮ್ಮ ಹುಬ್ಬೇರಿಸಿದಳು.

"ಏನವ್ವಾ ಇದು ಹೊಸಾ ನಮೂನಿ?"

"ನಮ್ಮ ಮನೀದು" ಎಂದೆ. ಎದೆ ಉಬ್ಬಿತ್ತು!

ಅವರು ಮಸ್ಕಿ ಬಸ್ಸು ಹತ್ತಿದ ಮೇಲೆ ಖಾಜಾಬಿ ಬಂದಳು. ಉಡಿಯ ವೈಭವವನ್ನು ಅವಳೆದುರು ವರ್ಣಿಸಿದೆ. ಅವಳು ಎದೆ ಹಿಡಿದುಕೊಂಡಳು.

"ಯಾ ಅಲ್ಲಾ! ಬಸುರೆಂಗಸಿಗೆ ಹಸರ ಕಾಯಿ ಕೊಟ್ಟೀಯೇನಕ್ಕಾ? ಕಾಯಿ ಇದ್ದಾಗ ವಿಷ ಇರತೈತಿ, ತಿನ್ನಬ್ಯಾಡ್ರಿ ಅಂತ ಆ ಕೊಡಗಿನಾಕಿ ಹೇಳಿದ್ಲಲ್ಲ! ನಾ ಗ್ವಾಡಿ ಆಚಿಂದ ಕೇಳೀನಿ. ನೀ ಎದುರಿಗೇ ನಿಂತು ತಲಿ ಅಲ್ಲಾಡಿಸಾಕತ್ತಿದ್ದಿ!"

ತುಂಬಿದ ಉಡಿಯನ್ನು ವಾಪಸು ಕೇಳುವುದೆಂದರೆ ಮಹಾ ಅಪಶಕುನ. ಕೇಳದಿದ್ದರೆ ಹುಡುಗಿಯ ಗತಿ?

"ಕೇಳಬ್ಯಾಡಕ್ಕಾ. ಕದ್ದುಬಿಡು" ಎಂದಳು ಖಾಜಾಬಿ.

ಮುಂದಿನ ಬಸ್ಸಿಗೆ ಇಬ್ಬರೂ ಮಸ್ಕಿಗೆ ಹೋದೆವು. ಗಂಗಮ್ಮ ಇನ್ನೂ ಕಾಲು ತೊಳೆದು ಕೂತಿದ್ದಳಷ್ಟೇ.

"ಈಗರ ನಿಮ್ಮ ಮನಿಯಿಂದ ಬಂದೀವಿ. ಬೆನ್ನಹಿಂದನ ಬಂದೀರಲ್ಲ ಬೀಗ್ತಿ, ಯಾಕ?"

"ಸುಮ್ನ... ಮಾತಾಡ್ಸಾಕ" ಎಂದೆ. ಹುಟ್ಟಿದಾಗಿನಿಂದ ನಾನಾಗಿ ಯಾರನ್ನೂ ಮಾತಾಡಿಸಿದವಳಲ್ಲ!

ಉಡಿಯನ್ನು ಮೊರದಲ್ಲಿ ಹರವಿದ್ದರು. ನೋಡಲು ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಖಾಜಾಬಿ ಅವರಿಗೆಲ್ಲ ತನ್ನ ಆಡಿನ ಹೆರಿಗೆಯ ಕಥೆ ಹೇಳುತ್ತ ಕೂತಳು. ನಾನು ಮೆಲ್ಲಗೆ ಮೊರದ ಹತ್ತಿರ ಸರಿದು, ಒಂದೊಂದೇ ಕಾಯಿಯನ್ನು ಸೆರಗಿನೊಳಗೆ ಸೇರಿಸಿದೆ. ಕೆಲಸ ನಾಜೂಕಾಗಿ ಮುಗಿಯಿತು. ಹೊರಡೋಣವೆಂದು ಎದ್ದು ನಿಂತೆ. ಅಷ್ಟೇ! ಸೆರಗು ಜಾರಿತು. ಕಾಯಿಗಳು ದಡದಡ ಉರುಳಿ, ಒಂದು ನೇರವಾಗಿ ಗಂಗಮ್ಮನ ಕಾಲ ಬಳಿ ಹೋಗಿ ನಿಂತಿತು.

"ಬಸುರಿ ಉಡಿ ಕಳವು ಮಾಡಾಕ ಬಸ್ಸು ಹತ್ತಿ ಬಂದೀಯೇನ ಬೇ?"

ನಾನು ಬಾಯಿಬಿಟ್ಟೆ. ಜೀವನದಲ್ಲಿ ಮೊದಲ ಸಲ ಜೋರಾಗಿ ಮಾತಾಡಿದೆ. ಆಡಿದ್ದು ಒಂದೇ ಮಾತು: "ವಿಷ!"

ಕೋಲಾಹಲವೆದ್ದಿತು. "ಉಡ್ಯಾಗ ವಿಷಾ ಹಾಕ್ಯಾಳಂತ!" ಎಂದು ಒಬ್ಬಳು ಬೀದಿಗೇ ಓಡಿದಳು. ನಾನು ನೆಲದ ಮೇಲೆ ಕೂತು ಕಾಯಿ ಎಣಿಸಿದೆ. ನಾಲ್ಕೇ ಇದ್ದವು! ಯಾರೋ ಶಾಂತಾಳ ಬೆನ್ನು ಬಡಿದರು, ಯಾರೋ ಉಪ್ಪುನೀರು ತಂದರು. ಊರಿನ ಡಾಕ್ಟರು ಪರಸ್ಥಳಕ್ಕೆ ಹೋಗಿದ್ದರು. ಒಂದು ಟೆಂಪೋ ಹಿಡಿದು, ಅವಳನ್ನು ಅದರೊಳಗೆ ಹಾಕಿ, ಲಿಂಗಸುಗೂರಿಗೆ ಹೊರಟೆವು. ದಾರಿಯುದ್ದಕ್ಕೂ ನಾನು ಅತ್ತೆ. ವಿಚಿತ್ರವೆಂದರೆ, ಗಂಗಮ್ಮ ನನ್ನನ್ನು ಒಂದು ಮಾತೂ ಬೈಯಲಿಲ್ಲ.

ಲಿಂಗಸುಗೂರಿನ ಡಾಕ್ಟರು ಮಲೆನಾಡಿನಲ್ಲಿ ಕೆಲಸ ಮಾಡಿ ಬಂದವರು. ಕಾಯಿ ನೋಡಿದ ಕೂಡಲೇ ಗುರುತಿಸಿದರು. "ಎಷ್ಟು ತಿಂದೀಯವ್ವಾ?" ಎಂದು ಶಾಂತಾಳನ್ನು ಕೇಳಿದರು.

"ನಾ ತಿಂದೇ ಇಲ್ರೀ."

"ಮತ್ತ ಮೊದಲ ಹೇಳಬೇಕಿಲ್ಲೇನು?"

"ಯಾರ ಕೇಳ್ಯಾರ್ರಿ? ಎತ್ತಿ ಟೆಂಪೋದಾಗ ಹಾಕಿದ್ರು!"

ಆಗ ಬೆಂಚಿನ ಮೂಲೆಯಿಂದ ಸಣ್ಣ ದನಿ ಬಂತು. "ಸಾಹೇಬ್ರ... ನಾ ತಿಂದೀನ್ರಿ. ಬಸ್ಸಿನ್ಯಾಗ. ಒಂದ್ ಹೋಳು. ಉಳಿದದ್ದು ಹುಳಿ ಅಂತ ಒಗದೆ."

ಗಂಗಮ್ಮ! ಸೊಸೆಯ ಉಡಿಯ ಕಾಯಿಯನ್ನು ತಾನು ತಿಂದೆನೆಂದು ಓಣಿಯವರ ಮುಂದೆ ಹೇಳುವುದಕ್ಕಿಂತ ಸುಮ್ಮನೆ ಸಾಯುವುದೇ ಮೇಲೆಂದು ಟೆಂಪೋದಲ್ಲಿ ಕೂತಿದ್ದಳು ಪುಣ್ಯಾತ್ಗಿತ್ತಿ!

ಡಾಕ್ಟರು ಅವಳ ನಾಡಿ ಹಿಡಿದು, ನಾಲಿಗೆ ನೋಡಿ ನಕ್ಕರು. "ಒಂದು ಹೋಳಿಗೆ ಏನೂ ಆಗಂಗಿಲ್ಲ. ಆದ್ರ ಹಸರ ಕಾಯಿ ತಿನ್ನಬ್ಯಾಡ್ರಿ, ಬಸುರಿಗಂತೂ ಕೊಡಬ್ಯಾಡ್ರಿ. ಬಣ್ಣಾ ತಿರುಗಿ, ತಾನಾಗಿ ಉದುರಿ, ಚೂರು ಸುಕ್ಕಾತಂದ್ರ ಬಂಗಾರದಂಥ ಹಣ್ಣು. ಒಳಗಿನ ತಿರುಳು ತಿನ್ರಿ, ಶರಬತ್ತು ಮಾಡ್ರಿ."

ಸುಕ್ಕಾದದ್ದು! ನಾನು ಖಾಜಾಬಿಯ ಕಡೆ ತಿರುಗಿದೆ. ಅವಳು ಕಿಟಕಿಯಾಚೆ ನೋಡತೊಡಗಿದಳು.

"ಖಾಜಾಬಿ, ನಿನ್ನ ಆಡು..."

"ಆಡು ಅಷ್ಟೆಲ್ಲಾ ತಿಂತಾವೇನಕ್ಕಾ? ನಮ್ಮನ್ಯಾಗ ದಿನಾ ಶರಬತ್ತು. ಕೊಳತಾವು ಅಂತ ನೀನ ಕೊಟ್ಟಿ, ದೊಡ್ಡಾಕಿ ಕೂಡ ನಾ ಯಾಕ ವಾದಾ ಮಾಡ್ಲಿ?"

ಸಾಯದೆ ಉಳಿದ ಗಂಗಮ್ಮ ಸುಮ್ಮನೆ ಉಳಿಯಲಿಲ್ಲ. "ವಿಷಾ ಇಳಿಯೂತನಾ ಬೀಗ್ತಿ ಕಾಲು ಒತ್ತಬೇಕು" ಎಂದು ಮಂಚ ಹಿಡಿದಳು. ಆ ವಿಷ ಬಹಳ ನಿಧಾನವಾಗಿ ಇಳಿಯಿತು! ಶಾಂತಾ ಗಟ್ಟಿಮುಟ್ಟಾದ ಮಗಳನ್ನು ಹೆತ್ತಳು. ತೊಟ್ಟಿಲಿಗೆ ಹೋದಾಗ ನಾನು ಒಯ್ದ ಬಾಳೆಹಣ್ಣನ್ನೂ ಮಸ್ಕಿಯ ಹೆಂಗಸರು ಮೂಸಿ ನೋಡಿ ಇಟ್ಟುಕೊಂಡರು.

ಈಗ ಆ ಕಡೆ ಈ ಕಥೆ ಬಹಳ ಬೆಳೆದಿದೆಯಂತೆ. ಅದರಲ್ಲಿ ಗಂಗಮ್ಮ ಅರ್ಧ ದಾರಿಯಲ್ಲಿ ಸತ್ತು, ಡಾಕ್ಟರ ಬಾಗಿಲಲ್ಲಿ ಎದ್ದು ಕೂರುತ್ತಾಳಂತೆ. ನಾನೋ, ಮಂತ್ರ ಹಾಕಿದ ಕಾಯಿ ಕೊಟ್ಟವಳು! ನಾಳೆ ನಿಮ್ಮನ್ನು ಯಾರಾದರೂ, "ಆಕಿ ಮೊಮ್ಮಕ್ಕಳಾ ನೀವು?" ಎಂದು ಒಂದು ಥರಾ ನೋಡಿದರೆ ತೋರಿಸಲು ಬೇಕಾಗುತ್ತದೆ, ಈ ಹಾಳೆಗಳನ್ನು ಕಳೆಯದೆ ಎತ್ತಿಡಿ ಮಕ್ಕಳೇ. ನಿಮ್ಮ ಅಜ್ಜಿ ಮಾಟಗಾತಿಯಲ್ಲ, ಬರೀ ದಡ್ಡಿ ಎಂಬುದಕ್ಕೆ ಬೇರೆ ಸಾಕ್ಷಿ ಇಲ್ಲ.